ಜಾನ್ ಬೀ ಹಿತ್ತಲಿನ ಬಾಗಿಲು

ಮದ್ದೂರು ಬಸ್ ನಿಲ್ದಾಣದ ಬೆಂಚಿನಲ್ಲಿ ಇಬ್ಬರು ಹೆಂಗಸರು ಊರಿನ ನರ್ಸಿಂಗ್ ಹೋಮಿನ ಸುದ್ದಿ ತೆಗೆದಾಗ, ಪಕ್ಕದಲ್ಲೇ ಕೂತಿದ್ದ ಅಲ್ಲಿನ ನರ್ಸ್ ಚಂದನಾಳ ಕಿವಿ ನೆಟ್ಟಗಾಯಿತು.

“ಜಾನ್ ಬೀ, ಡಾಕ್ಟ್ರೇ ನಿಮ್ಮನೆಗೆ ಬಂದವ್ರಂತೆ?”

“ಊಂ ಕಣಮ್ಮ ಚಲುವಮ್ಮ. ಬೆಂಕಿ ಬಿದ್ರೆ ರೋಗಿಗಳು ಓಡಕ್ಕೆ ಇನ್ನೊಂದು ಬಾಗ್ಲು ಇರ್ಬೇಕಂತೆ. ಇಲ್ದಿದ್ರೆ ಲೈಸೆನ್ಸ್ ಇಲ್ವಂತೆ. ಅದು ನಮ್ ಇತ್ಲಿಗೇ ತೆಗೀಬೇಕು.”

“ಒಪ್ಪಿದ್ಯಾ?”

“ಪಾಪ, ರೋಗಿಗಳಿಗೋಸ್ಕರ ಒಪ್ದೆ ಇರ್ತೀನಾ? ಆದ್ರೆ ಅವ್ರಿಗೆ ಇನ್ನೂ ಯೋಳಿಲ್ಲ. ಮಂಡಿನೋವು ಅಂತ ಅವ್ರತ್ರ ಓದಾಗ ನನ್ನ ಮೂರು ಗಂಟೆ ಕಾಯ್ಸಿದ್ರು.”

“ಈಗೆಲ್ಲವ್ರೆ ಡಾಕ್ಟ್ರು?”

“ನಮ್ ಜಗ್ಲಿ ಮೇಲೆ. ‘ಕೂತ್ಕೊಳಿ ಸಾರ್, ಕರೀತೀನಿ’ ಅಂದ್ಬುಟ್ಟು ಬಂದೆ.”

ಕೊಪ್ಪದ ಬಸ್ಸು ಬಂತು. ಇಬ್ಬರೂ ನಗುತ್ತಾ ಹತ್ತಿಕೊಂಡರು.

ಡಾಕ್ಟರಿಗೆ ತಿಳಿಸೋಣವೆಂದು ಚಂದನಾ ಮೊಬೈಲ್ ತೆಗೆದಳು. ಒಂದು ಗಳಿಗೆ ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು.