ಮೀನು ಕಡಿದುಕೊಂಡು ಹೋದ ದಾರ

ನನ್ನ ಸೋದರತ್ತೆಯ ಮಗ ಮಡಿವಾಳಪ್ಪ ಆ ರಾತ್ರಿ ಕೆನಡಾದಲ್ಲಿ, ಹೆಪ್ಪುಗಟ್ಟಿದ ಸಿಮ್ಕೋ ಸರೋವರದ ಮೇಲೆ ಒಬ್ಬನೇ ನಡೆದು ಬರುತ್ತಿದ್ದ. ೨೦೦೩ರ ಫೆಬ್ರವರಿ. ದೂರದಲ್ಲಿ ಕೆಸ್ವಿಕ್ ದಡ, ಅಲ್ಲಿ ಕಾರಿನ ಎರಡು ದೀಪ. ಆಫೀಸಿನ ಗೆಳೆಯ ವಿಕ್ರಮ್ ಕಾರು ಬೆಚ್ಚಗೆ ಮಾಡಲು ಮುಂದೆ ಹೋಗಿದ್ದ. ಬೂಟು ಗರಕ್... ಗರಕ್... ಎನ್ನುತ್ತಿತ್ತು.

ಆಮೇಲೆ ಇನ್ನೊಂದು ಸದ್ದು. ಕೆಳಗಿನಿಂದ.

ಚರ್ರ್... ಚರ್ರ್... ಗಾಜಿನ ತಳವನ್ನು ಮೊಳೆಯಿಂದ ಕೆರೆದ ಹಾಗೆ. ಅವನು ನಿಂತರೆ ಅದೂ ನಿಲ್ಲುತ್ತಿತ್ತು.

ಹಗಲೆಲ್ಲ ಮಂಜುಗಡ್ಡೆ ಕೊರೆದು ಮೀನಿಗೆ ಗಾಳ ಹಾಕುತ್ತ ಇಬ್ಬರಿಗೂ ಲೀಡರ್ ವಿಷಯಕ್ಕೇ ಜಗಳ. ಲೀಡರ್ ಅಂದರೆ ಗಾಳಕ್ಕೂ ದಾರಕ್ಕೂ ನಡುವಿನ ತುಂಡು. ಅಲ್ಲಿನ ಪೈಕ್ ಮೀನಿಗೆ ಗರಗಸದಂಥ ಹಲ್ಲು. ಉಕ್ಕಿನ ತಂತಿ ಬೇಕೇ ಬೇಕು, ಮೇಲೆಳೆದು ಇಕ್ಕಳದಿಂದ ಗಾಳ ಬಿಡಿಸಿ ವಾಪಸು ಬಿಡಬೇಕು ಅಂತ ವಿಕ್ರಮ್. ಮಡಿವಾಳಪ್ಪ ಮಾತ್ರ ಪ್ರತಿ ವರ್ಷ ತೆಳ್ಳನೆಯ ಪಾರದರ್ಶಕ ದಾರವನ್ನೇ ಆರಿಸುತ್ತಿದ್ದ. ಸ್ಟ್ರೀಟ್ಸ್‌ವಿಲ್‌ನ ಅವನ ಮನೆಗೆ ಮೊಟ್ಟೆಗೂ ಪ್ರವೇಶವಿಲ್ಲ. ಮೀನು ಮುಟ್ಟಬಾರದು, ರಕ್ತ ಕಾಣಬಾರದು, ಆದರೆ ದಾರ ಜಗ್ಗುವ ಸುಖ ಬೇಕು. ಮೀನು ಜಗ್ಗುತ್ತದೆ, ಕಡಿದುಕೊಂಡು ಹೋಗುತ್ತದೆ. ಅದನ್ನು ಅವನು ದಯೆ ಎಂದು ಕರೆಯುತ್ತಿದ್ದ.

"ಬಾಯಲ್ಲಿ ಗಾಳ ಉಳಿಯುತ್ತಲ್ಲೋ," ಅಂದಿದ್ದ ವಿಕ್ರಮ್. "ಬಾಯಿ ತೆಗೆಯೋಕಾಗದೆ ಹಸಿದು ಸಾಯುತ್ತೆ."

"ಅದನ್ನ ನಾ ಏನ್ ನೋಡ್ತೀನೇನು?" ಅಂದಿದ್ದ ಇವನು, ನಕ್ಕು.

ಈಗ ಕೆರೆತ ಒಂದಲ್ಲ. ಎಡಕ್ಕೆ, ಬಲಕ್ಕೆ, ಹಿಂದೆ... ಮುಂದೆ ಮಂಜುಗಡ್ಡೆಯಲ್ಲಿ ಕೊರೆದ ಒಂದು ತೂತು. ಅದರ ಪಕ್ಕ ಬಕೆಟ್ ಬೋರಲು ಹಾಕಿ ಯಾರೋ ಕೂತಿದ್ದರು. ಮೂಗಿನವರೆಗೂ ಮಫ್ಲರ್.

"ತಮ್ಮಾ..." ಪಿಸುದನಿ. ಅಪ್ಪಟ ಧಾರವಾಡದ ಮಾತು. ಕೆನಡಾದ ದೆವ್ವಕ್ಕೆ ಅದು ಹೇಗೆ ಬಂತೋ, ಮಡಿವಾಳಪ್ಪ ಕೇಳಲಿಲ್ಲ. "ಸಣ್ಣ ದಾರ ಆರಿಸಿದಾವ ಯಾರು?"

ಮಫ್ಲರ್ ಜಾರಿತು. ತುಟಿಗೆ ತುಟಿ ಸೇರಿಸಿ ಹೊಲಿದ ಹಾಗೆ ಮೂರು ಮೊನೆಯ ಗಾಳಗಳು. ಸಾಲಾಗಿ, ಬಿಗಿಯಾಗಿ. ಮಾತು ಬಂದದ್ದು ಆ ಬಾಯಿಂದಲ್ಲ. ತೂತಿನೊಳಗಿಂದ.

ಕೆರೆತವೆಲ್ಲ ಅವನ ಪಾದದಡಿ ಬಂದು ನಿಂತಿತು. ಟಕ್... ಮಂಜುಗಡ್ಡೆಯಲ್ಲಿ ಒಂದು ಬಿರುಕು. ಬೂಟಿಗೆ ನೀರು ತಾಗಿತು.

"ಯಾರು?"

ಸತ್ಯ ಹೇಳಿದರೆ ಅಲ್ಲೇ ಮುಳುಗುತ್ತಾನೆ, ಅದು ಅವನಿಗೆ ಗೊತ್ತಾಯಿತು. ಬುದ್ಧಿವಂತ. ತಡ ಮಾಡಲಿಲ್ಲ.

"ವಿಕ್ರಮ್," ಅಂದ.

ಕೆರೆತ ತಿರುಗಿತು. ಚರ್ರ್... ಚರ್ರ್... ದಡದ ಕಡೆಗೆ, ದೀಪಗಳ ಕಡೆಗೆ ಓಡಿತು. ಕೂಗಿದ್ದರೆ ವಿಕ್ರಮನಿಗೆ ಕೇಳುತ್ತಿತ್ತು. ಗಾಳಿ ಇರಲಿಲ್ಲ. ಮಡಿವಾಳಪ್ಪ ಕೂಗಲಿಲ್ಲ. ಸದ್ದು ಪೂರ್ತಿ ಅಡಗುವವರೆಗೆ ಕಾದು, ಆಮೇಲೆ ನಡೆದ.

ಕಾರಿನಲ್ಲಿ ವಿಕ್ರಮ್ ದವಡೆ ಹಿಡಿದುಕೊಂಡು ಕೂತಿದ್ದ. ಚಳಿಗೆ ಹಿಡಿದುಕೊಂಡಿದೆ, ಬೆಳಿಗ್ಗೆ ಸರಿಹೋಗುತ್ತೆ ಅಂತ ಮಡಿವಾಳಪ್ಪನೇ ಧೈರ್ಯ ಹೇಳಿದ.

ಸರಿಹೋಗಲಿಲ್ಲ. ಬಾಯಿ ಮತ್ತೆ ತೆರೆಯಲಿಲ್ಲ. ಡಾಕ್ಟರುಗಳು ಸ್ಕ್ಯಾನ್ ಮಾಡಿದರು. ಮೂಳೆ, ನರ ಎಲ್ಲ ಚೆನ್ನಾಗಿದೆ ಅಂದರು. ಹೆಂಡತಿ ಸಾಹಿತ್ಯ ಸ್ಟ್ರಾದಲ್ಲಿ ಗಂಜಿ ಕುಡಿಸುತ್ತಾಳೆ. ಮಡಿವಾಳಪ್ಪ ಪ್ರತಿ ಭಾನುವಾರ ಎಟೋಬಿಕೋದ ಅವರ ಮನೆಗೆ ಹೋಗಿ ಪಕ್ಕದಲ್ಲಿ ಕೂರುತ್ತಾನೆ. ಎಂಥ ಸ್ನೇಹಿತ ಅಂತ ಅವಳು ಕೈಮುಗಿಯುತ್ತಾಳೆ. ಅವನು ಬೇಡ ಅನ್ನುವುದಿಲ್ಲ.

ಇದೆಲ್ಲ ನನಗೆ ಹೇಳಿದವನು ಅವನೇ, ತೀರ ನೆಮ್ಮದಿಯಾಗಿ. ಸುಳ್ಳು ಅಂದುಕೊಂಡು ಜುಲೈನಲ್ಲಿ ನಾನೂ ಜೊತೆಗೆ ಹೋದೆ. ಎಸಿ ಕೆಟ್ಟಿತ್ತು. ಎಲ್ಲರೂ ಬೆವರುತ್ತಿದ್ದೆವು. ನಡೆದದ್ದು, ನಾನೇ ಕಂಡದ್ದು, ಇಷ್ಟು: ವಿಕ್ರಮ್ ಉಸಿರು ಬಿಟ್ಟಾಗಲೆಲ್ಲ ಮೂಗಿನಿಂದ ಬಿಳಿ ಹಬೆ ಬರುತ್ತಿತ್ತು.