ಐದು ಕಾಫಿ ಹಣ್ಣು

ಗೋಣಿಕೊಪ್ಪಲಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬರು ಇಂಗ್ಲಿಷ್ ಟೀಚರ್ ಕೂತಿದ್ದರು. ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ರೈಟರ್ ತೀರ್ಥಪ್ರಸಾದ್ ಕಳ್ಳರನ್ನು ಹಿಡಿದವನ ಗತ್ತಿನಲ್ಲಿ ಅವರೆದುರು ಬಂದು ನಿಂತ.

“ಟೀಚರೇ, ನಮ್ಮ ಆಳುಗಳ ಲೈನ್ ಮನೆ ಹುಡುಗಿ ಕವನಾಳ ಬ್ಯಾಗಲ್ಲಿ ನಿನ್ನೆ ಐದು ಕಾಫಿ ಹಣ್ಣು ಸಿಕ್ತು. ನೀವೇ ತರೋಕೆ ಹೇಳಿದ್ದಂತೆ?”

“ಹೌದು. ಏಳನೇ ಕ್ಲಾಸಿಗೆ ಅಡ್ಜೆಕ್ಟಿವ್ ಪಾಠ. ಮುಟ್ಟಿ ನೋಡಿ, ಹೇಗಿದೆ ಅಂತ ಬರೀಬೇಕು.”

“ಅದಕ್ಕೆ ಒಂದು ಸಾಲದಾ?”

“ಹಸಿರು, ಕೆಂಪು, ಒಣಗಿದ್ದು, ಎಲ್ಲಾ ಬೇಕಲ್ಲ.”

“ಹಸಿರು ಕೊಯ್ಯೋ ಹಾಗೇ ಇಲ್ಲ ನಮ್ಮಲ್ಲಿ. ಅವಳಮ್ಮ ಪಿಕ್ಕಿಂಗಲ್ಲಿ ಕಿತ್ತಿರೋದೇ ಅದು.”

“ಬಿದ್ದಿದ್ದನ್ನ ಹೆಕ್ಕಿರಬಹುದು.”

“ನೋಟ್‌ಬುಕ್ಕಲ್ಲಿ ಸಿಹಿ ಅಂತಾನೂ ಬರೆದಿದ್ದಾಳೆ. ತಿನ್ನದೆ ಹೇಗೆ ಗೊತ್ತಾಯ್ತು? ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಅಂತ ಅವಳಮ್ಮನಿಗೆ ಹೇಳಿದ್ದೀನಿ.”



“ಸರಿ, ಇನ್ನು ಹಣ್ಣು ತರಿಸಲ್ಲ. ದಿನಾ ಲೈನ್ ಮನೆ ಹತ್ರ ಬರೋ ಒಬ್ಬರ ಬಗ್ಗೆ ಬರೆಸ್ತೀನಿ. ಹೇಗಿದ್ದಾರೆ, ಅಮ್ಮಂದಿರ ಹತ್ರ ಹೇಗೆ ಮಾತಾಡ್ತಾರೆ, ಎಲ್ಲಾ. ಶನಿವಾರ ನಿಮ್ಮ ಓನರ್ ಸ್ಕೂಲಿಗೆ ಬರ್ತಾರಲ್ಲ, ಅವರೆದುರೇ ಓದಿಸ್ತೀನಿ.”

“ಒಬ್ಬರು ಅಂದ್ರೆ… ಯಾರು?”

“ಅದು ಮಕ್ಕಳಿಗೆ ಬಿಟ್ಟಿದ್ದು.”

ಕುಟ್ಟದ ಬಸ್ಸು ಬಂತು. ಟೀಚರ್ ಬ್ಯಾಗ್ ಎತ್ತಿಕೊಂಡು ಹೊರಟರು. ರೈಟರ್ ಬಸ್ಸಿನ ಬಾಗಿಲವರೆಗೂ ಅವರ ಹಿಂದೆಯೇ ಓಡಿದ.

“ಟೀಚರೇ, ಹಣ್ಣೇ ಇರ್ಲಿ! ಹತ್ತು ಬೇಕಾದ್ರೂ ತರ್ಲಿ. ನಾಳೆ ಅವಳಮ್ಮ ಕೆಲಸಕ್ಕೆ ಬಂದಾಗ ನಾನೇ ಕಿತ್ತು ಕೊಡ್ತೀನಿ.”