ಗಾಡಿಯ ಮಂಚ

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನ್ಯಾಮತಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನ ಗಂಡ ಹೆಂಡತಿಯ ಜಗಳ ಕಿವಿಗೆ ಬಿತ್ತು.

“ಮಗಳ ಮದುವೆ ಮಂಚಕ್ಕೆ ಹಿತ್ತಲ ಬೇವಿನಮರ ಕಡಿಸ್ತೀನಿ, ಹಾಲಮ್ಮ.”

“ಕೊಡ್ಲಿ ತಗಂಡು ಬಂದೋರು ಮೊದ್ಲು ನನ್ನ ದಾಟಬೇಕು. ಟ್ರ್ಯಾಕ್ಟರ್ ಬಂದ್ಮೇಲೆ ಮೂಲೆ ಸೇರಿದ ಎತ್ತಿನಗಾಡಿ ಐತಲ್ಲ, ಅದನ್ನ ಬಿಚ್ಚಿ ಮಾಡಿಸ್ರಿ.”

“ಬೀಗರು ಯಾವ ಮರದ್ದು ಅಂತ ಕೇಳಿದ್ರೆ?”

“ಗಾಡೀದು ಅಂತೀನಿ.”

“ನಗ್ತಾರೆ ಕಣೆ.”

“ನನ್ನ ದಿಬ್ಬಣ ಬಂದಿದ್ದು ಅದೇ ಗಾಡೀಲಿ. ಆಗ ಯಾರು ನಕ್ಕಿದ್ರು?”

“ಮಲಗಿದ್ರೆ ಕಿರ್ ಅಂತೈತೆ.”

“ನೀವು ಇಪ್ಪತ್ತು ವರ್ಷದಿಂದ ಗೊರಕೆ ಹೊಡೀತೀರಿ. ನಾನೇನು ನಿಮ್ಮನ್ನ ಹೊರಗೆ ಹಾಕಿದ್ನಾ?”

ಬಸ್ಸು ಬಂತು. ಗಂಡ ಎದ್ದ. “ಆಯ್ತು, ಊರಿಗೆ ಹೋಗಿ ಬಡಗಿನ ಕೇಳಾನ.”

“ಕೇಳಾಕೇನೂ ಉಳಿದಿಲ್ಲ. ಬೆಳಿಗ್ಗೆನೇ ಅಳತೆ ಕೊಟ್ಟು ಬಂದೀನಿ. ಇಷ್ಟೊತ್ತಿಗೆ ಗಾಡಿ ಬಿಚ್ಚಿರ್ತಾನೆ,” ಎನ್ನುತ್ತ ಹಾಲಮ್ಮ ಅವನಿಗಿಂತ ಮೊದಲೇ ಬಸ್ಸು ಹತ್ತಿದಳು.